ಎಲೆಯ ತುಂಡುಗಳಿಂದ ಅಲಂಕಾರದ ಗಿಡಗಳ ವೃದ್ಧಿ

ಪಟ್ಟಣಗಳ ಮನೆಗಳಲ್ಲಿಯೂ ಕಛೇರಿಗಳಲ್ಲಿಯೂ ಕುಂಡಗಳಲ್ಲಿಟ್ಟು ಬೆಳೆಸುವ ಎಲೆಗಿಡಗಳ ಸಸಿಗಳನ್ನು ಮಾಡಿ ಮಾರುವುದು, ತೋಟದ ನೆರಳೂ ಬಾವಿಯ ನೀರೂ ಉಳ್ಳ ಜಮೀನುದಾರರಿಗೆ ಒಂದು ಉಪವೃತ್ತಿಯಾಗಬಹುದು. ಒಂದೇ ಎಲೆಯಿಂದ ಹಲವು ಗಿಡಗಳನ್ನು ಪಡೆಯಬಹುದೆಂಬ ಮಾತನ್ನು ಕೇಳಿ, ಕೈಗೆ ಸಿಕ್ಕಿದ ಗಿಡದ ಎಲೆಗಳನ್ನೆಲ್ಲಾ ಕಿತ್ತು ಮರಳಿನಲ್ಲಿ ನೆಡುವವರುಂಟು. ಈ ಮಾತು ಕೆಲವು ಜಾತಿಗಳಲ್ಲಿ ನಿಜ, ಕೆಲವುಗಳಲ್ಲಿ ಸುಳ್ಳು, ಇನ್ನು ಕೆಲವುಗಳಲ್ಲಿ ಅರ್ಧ ಮಾತ್ರ ನಿಜ. ಈ ಅರ್ಧ ನಿಜದಿಂದಲೇ ನಷ್ಟವು ಹೆಚ್ಚು.

ಬೇರು ಬಿಡುವುದು ಬೇರೆ, ಮೊಳಕೆ ಏಳುವುದು ಬೇರೆ. ವೀಳ್ಯದೆಲೆಯ ತೋಟ ಮಾಡುವವರು ಎಲೆಯನ್ನು ನೆಡದೆ ಗೆಣ್ಣುಳ್ಳ ಬಳ್ಳಿಯನ್ನೇ ನೆಡುವರಷ್ಟೆ. ಮುಂದಿನ ಕುಡಿಯು ಗೆಣ್ಣಿನ ಕಣ್ಣಿನಿಂದಲೇ ಹೊರಡತಕ್ಕದ್ದು. ಮನಿ ಪ್ಲಾಂಟ್ ಎಂಬ ಬಳ್ಳಿಗೂ ಇದೇ ನಿಯಮವು. ಅಲಂಕಾರಕ್ಕೆ ಬೆಳೆಸುವ ರಬ್ಬರ್ ಗಿಡದ ಬರಿಯ ಎಲೆಯು ಬೇರು ಬಿಟ್ಟು ಬಹುಕಾಲ ಹಸಿರಾಗಿಯೇ ನಿಲ್ಲುವುದಾದರೂ, ಕಣ್ಣಿಲ್ಲದ ಕಾರಣ ಗಿಡವಾಗುವುದಿಲ್ಲ. ಆದುದರಿಂದ ಬೇರು ಬಿಟ್ಟ ಒಂಟಿ ಎಲೆಯನ್ನು ಸಸಿಯೆಂದು ಮಾರುವವರಿಂದ ಕೊಳ್ಳಕೂಡದು. ಕಾಡುಬಸಳೆಯ ಸಂಗತಿಯು ಬೇರೆ. ಅದರ ಎಲೆಯ ಅಂಚಿನ ಕಚ್ಚುಗಳಲ್ಲಿಯೇ ಕಣ್ಣುಗಳಿರುವುದರಿಂದ ನೆಲಕ್ಕೆ ಬಿದ್ದ ಎಲೆಯೂ ಸಸಿಗಳನ್ನು ಕೊಡುತ್ತದೆ.

ಎಲೆಯಿಂದ ವೃದ್ಧಿಪಡಿಸಲು ಅತಿ ಸುಲಭವಾದುದು ಸಾನ್ಸೆವೀರಿಯ. ಕತ್ತಿಯಂತೆ ನೆಟ್ಟಗೆ ನಿಂತು, ಹಾವಿನ ಮೈಯಂತೆ ಅಡ್ಡಪಟ್ಟೆಗಳುಳ್ಳ ಈ ಗಿಡವು ಪಶ್ಚಿಮ ಆಫ್ರಿಕಾದ ಉಷ್ಣಪ್ರದೇಶದ್ದು. ಬಲಿತ ಎಲೆಯೊಂದನ್ನು ಬುಡದಲ್ಲಿ ಕೊಯ್ದು, ಹರಿತವಾದ ಚಾಕುವಿನಿಂದ ೩ ಅಂಗುಲದ ತುಂಡುಗಳನ್ನಾಗಿ ಮಾಡತಕ್ಕದ್ದು. ಎರಡೂವರೆ ಅಡಿಯ ಎಲೆಯಿಂದ ೧೦ ತುಂಡುಗಳಾಗುವುವು. ಪ್ರತಿ ತುಂಡಿನ ಕೆಳತುದಿಗೆ ಆಗಲೇ ಒಂದು ಗುರುತು ಮಾಡಬೇಕು. ತಲೆಕೆಳಗಾಗಿ ನೆಟ್ಟ ತುಂಡು ಬೇರು ಬಿಡುವುದಿಲ್ಲ; ಕೊಯ್ದು ರಾಶಿ ಹಾಕಿದ ಮೇಲೆ ತಲೆ ಯಾವುದು, ಬುಡ ಯಾವುದು ಎಂದು ಹೇಳುವುದು ಅನುಭವಸ್ಥರಿಗೂ ಕಷ್ಟ. ಗಾಯವು ಒಣಗುವಂತೆ ತುಂಡುಗಳನ್ನು ೨–೩ ದಿನ ನೆರಳಿನಲ್ಲಿ ಹರಡಿಟ್ಟು, ತೊಳೆದ ಹೊಳೆಯ ಮರಳಿಗೆ ತೆಂಗಿನ ನಾರಿನ ಪುಡಿಯನ್ನು ಬೆರೆಸಿ, ಅದರಲ್ಲಿ ಒಂದು ಅಂಗುಲದಷ್ಟು ಆಳಕ್ಕೆ ನೆಡಬೇಕು. ಏಪ್ರಿಲ್, ಮೇ ತಿಂಗಳುಗಳ ಸೆಕೆಯು ಅನುಕೂಲ. ಮರಳು ಒಣಗಿದ ಮೇಲೆಯೇ ನೀರು ಕೊಡಬೇಕು. ಬತ್ತದ ಸಸಿಮಡಿಗೆ ನೀರು ಕಟ್ಟುವ ಅಭ್ಯಾಸವು ಇಲ್ಲಿ ಕೊಳೆತಕ್ಕೆ ದಾರಿ. ಬೇರು ಬರಲು ಒಂದೆರಡು ತಿಂಗಳು ಹಿಡಿಯುವುದು. ಮೊಳಕೆಗೆ ಇನ್ನೂ ಹೆಚ್ಚು ಕಾಲ ಕಾಯಬೇಕು.

ಇನ್ನು ಮುಖ್ಯವಾಗಿ ಗಮನಿಸತಕ್ಕ ಸಂಗತಿಯೊಂದುಂಟು. ಸಾನ್ಸೆವೀರಿಯದಲ್ಲಿ ಹಳದಿಯ ಅಂಚುಳ್ಳ ಲಾರೆಂಟಿ ಎಂಬ ಬಗೆಗೆ ಬೇಡಿಕೆಯು ಬಹಳ. ಅದರ ಎಲೆಯನ್ನು ತುಂಡುಮಾಡಿ ನೆಟ್ಟರೆ ಏಳುವ ಸಸಿಗಳಿಗೆ ಹಳದಿಯ ಅಂಚಿರುವುದಿಲ್ಲ; ಬರಿಯ ಹಸಿರು ಗಿಡಗಳಾಗುತ್ತವೆ. ಅಂಚಿನ ಹಳದಿಯ ಅಂಶವೂ ನಡುವಿನ ಹಸಿರಿನ ಅಂಶವೂ ಒಂದೇ ಗಿಡದಲ್ಲಿ ಜೊತೆಗೂಡಿ ಬೆಳೆಯುತ್ತಿರುವ ಎರಡು ಬೇರೆ ಬಗೆಗಳು. ತುಂಡಿನಿಂದ ಹೊಸದಾಗಿ ಹುಟ್ಟುವ ಮೊಳಕೆಯು ಹಸಿರಿನ ಅಂಶದ್ದಾಗಿರುವುದು. ಗೊಬ್ಬರದಿಂದಾಗಲಿ ಬಿಸಿಲಿನಿಂದಾಗಲಿ ಹಳದಿಯನ್ನು ಮರಳಿ ತರಲಾಗದು. ಇದನ್ನರಿಯದೆ ಹಳದಿ ಅಂಚಿನ ಸಸಿಗಳಿಗೆ ಮುಂಗಡ ಹಣ ಪಡೆದವನು ಹಲವು ತಿಂಗಳ ಶ್ರಮವನ್ನೂ ಗಿರಾಕಿಯ ನಂಬಿಕೆಯನ್ನೂ ಕೂಡಿಯೇ ಕಳೆದುಕೊಳ್ಳುವನು. ಈ ಬಗೆಯನ್ನು ಬುಡ ಬೇರ್ಪಡಿಸಿಯೇ ವೃದ್ಧಿಪಡಿಸತಕ್ಕದ್ದು. ಬಾಳೆಯ ಕಂದುಗಳಂತೆ ಮಗ್ಗುಲಲ್ಲಿ ಏಳುವ ಮರಿಗಳನ್ನು, ಬೇರೂ ನೆಲದೊಳಗಿನ ಗೆಡ್ಡೆಯ ತುಣುಕೂ ಸಹಿತವಾಗಿ ಕೊಯ್ದು ನೆಡಬೇಕು. ಮರಿಗಳ ಸಂಖ್ಯೆಯು ಕಡಿಮೆಯಾದ್ದರಿಂದಲೇ ಇದಕ್ಕೆ ಬೆಲೆಯು ಹೆಚ್ಚೆಂಬುದೂ ಆಲೋಚಿಸತಕ್ಕದ್ದೇ.

ಅಸ್ಸಾಮಿನ ಕಡೆಯ ರೆಕ್ಸ್ ಬೆಗೋನಿಯದ ಎಲೆಯನ್ನಾದರೋ ತುಂಡುಮಾಡದೆ, ಹಿಂಬದಿಯ ನರಗಳು ಕವಲೊಡೆಯುವ ಕಡೆ ಕೊಯ್ದು, ಒದ್ದೆ ಮರಳಿನ ಮೇಲೆ ಅಂಗಾತವಾಗಿ ಹಾಸಿ, ಸಣ್ಣ ಕಲ್ಲುಗಳನ್ನು ಹೇರಿ, ತೇವವು ಆರದಂತೆ ಗಾಜಿನಿಂದ ಮುಚ್ಚಬೇಕು. ಕೊಯ್ದ ಕಡೆಗಳಲ್ಲಿ ಸಸಿಗಳು ಏಳುವುವು. ಸಾನ್ಸೆವೀರಿಯಕ್ಕೆ ಮುಚ್ಚಳವು ಬೇಡ. ಯಾವ ಗಿಡವಾದರೂ, ಮೊಳಕೆಗೆ ತನ್ನದೇ ಬೇರು ಬಂದ ಮೇಲೆ ಮಾತ್ರ ಕುಂಡಕ್ಕೆ ಸಾಗಿಸತಕ್ಕದ್ದು. ಅಲ್ಲಿಯವರೆಗೆ ಹಳೆಯ ಎಲೆಯನ್ನು ಕೀಳಕೂಡದು.