ವಿಮಾನದ ಬಾಲ, ಮಕ್ಕಳ ಕಣ್ಣು

ನಾಯಿಯ ಬಾಲ ಡೊಂಕು ಎಂಬ ಮಾತನ್ನು ಕೇಳದ ಕನ್ನಡಿಗನಿಲ್ಲ. ಆ ಡೊಂಕಿನಿಂದ ನಾಯಿಗೆ ಯಾವ ತೊಂದರೆಯೂ ಇಲ್ಲ. ವಿಮಾನದ ಮಾತು ಹಾಗಲ್ಲ. ನೂರಾರು ಜನರನ್ನು ಹೊತ್ತ ಭಾರೀ ವಿಮಾನವಿರಲಿ, ಹತ್ತು ವರ್ಷದ ಬಾಲಕನೊಬ್ಬ ಪಡಸಾಲೆಯಲ್ಲಿ ಕುಳಿತು ಕೂಡಿಸಿದ ಹಗುರ ಕಟ್ಟಿಗೆಯ ಮಾದರಿಯಿರಲಿ, ಬಾಲ ಓರೆಯಾದರೆ ಹಾರಾಟವೂ ಓರೆಯಾಗುತ್ತದೆ. ಮಾದರಿ ವಿಮಾನ ಕಟ್ಟುವ ಹವ್ಯಾಸದಲ್ಲಿ ಅತಿ ಚಿಕ್ಕದಾಗಿ ಕಂಡರೂ ಅತಿ ಎಚ್ಚರವನ್ನು ಬೇಡುವ ಕೆಲಸವೆಂದರೆ ಈ ಬಾಲವನ್ನು ಅಂಟಿಸುವುದು. ಅಂಟಿಸುವ ಎಳೆಯ ಕೈಗಳ, ಕಣ್ಣುಗಳ ಕ್ಷೇಮವೂ ಇದೇ ಎಚ್ಚರಕ್ಕೆ ಸೇರಿದ್ದು.

ಹುಬ್ಬಳ್ಳಿ, ಬೆಳಗಾವಿಗಳ ಕಡೆಯಿಂದ ಹೆದ್ದಾರಿಯಲ್ಲಿ ಬರುವ ಕನ್ನಡಿಗನಿಗೆ ಕಾತ್ರಜವೆಂದರೆ ಪುಣೆಯ ಹೆಬ್ಬಾಗಿಲು. ಘಟ್ಟ ಇಳಿದೊಡನೆ ನಗರ ಎದುರಾಗುತ್ತದೆ. ಉದ್ಯೋಗವನ್ನರಸಿ ಬಂದು ಇಲ್ಲಿಯೇ ನೆಲೆಸಿದ ಸಂಸಾರಗಳಿಗೆ ಊರಿನ ಹಿತ್ತಿಲು, ಅಂಗಳ, ಹಗೇವುಗಳು ನೆನಪಾಗಿ ಉಳಿದಿವೆ. ಮಕ್ಕಳ ಆಟಕ್ಕೆ ದೊರಕುವುದು ಎರಡು ಕೋಣೆಗಳ ಮನೆ ಮತ್ತು ಕೈಯಗಲದ ಬಾಲ್ಕನಿ. ರಜೆಯ ದಿನ ಮೊಬೈಲಿನಿಂದ ಮಗುವನ್ನು ಎಬ್ಬಿಸಲು ತಂದೆಯೊಬ್ಬ ಮಾದರಿ ವಿಮಾನದ ಪೆಟ್ಟಿಗೆಯೊಂದನ್ನು ತಂದುಕೊಟ್ಟರೆ ಅದು ಮೆಚ್ಚತಕ್ಕ ಕಾರ್ಯವೇ. ಆದರೆ ಪೆಟ್ಟಿಗೆ ಕೊಟ್ಟು ತಾನು ದಿನಪತ್ರಿಕೆ ಹಿಡಿದು ಕೂತರೆ ಸಾಲದು, ಪಕ್ಕದಲ್ಲಿ ಕೂಡಬೇಕು.

ಪುಣೆಯ ಬಾನಿಗೆ ವಿಮಾನ ಹೊಸದಲ್ಲ. ಲೋಹಗಾಂವದ ವಾಯುನೆಲೆ, ಹಡಪಸರದ ಗ್ಲೈಡಿಂಗ್ ಕೇಂದ್ರ, ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇವೆಲ್ಲ ಈ ನಗರದ ಸುತ್ತಲೇ ಇವೆ. ಕನ್ನಡ ನಾಡಿಗೂ ಮರಾಠಿ ನಾಡಿಗೂ ವಿಮಾನದ ನಂಟು ಹಳೆಯದು. ಸೊಲ್ಲಾಪುರದಲ್ಲಿ ಜನಿಸಿದ ವಾಲಚಂದ ಹಿರಾಚಂದರು 1940ರಲ್ಲಿ ಮೈಸೂರು ಸರಕಾರದ ನೆರವಿನೊಡನೆ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಪ್ರಖ್ಯಾತ ವಿಜ್ಞಾನಿ ಪ್ರಾಂಟಲ್‌ರ ಬಳಿ ಅಭ್ಯಾಸ ಮಾಡಿ ಬಂದ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಅಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನವು 1951ರಲ್ಲಿ ಮೊದಲ ಬಾರಿ ಹಾರಿತು. ಕಾತ್ರಜದ ಮಗು ಕೈಯಲ್ಲಿ ಹಿಡಿದ ಮಾದರಿಗೂ ಅಂಥ ದೊಡ್ಡ ವಿಮಾನಕ್ಕೂ ಗಾಳಿಯ ನಿಯಮ ಒಂದೇ.

ಬಾಲದ ಕೆಲಸವೇನು?

ಬಾಣದ ಹಿಂದುಗಡೆ ಗರಿಗಳನ್ನು ಕಟ್ಟುವುದೇಕೆಂದು ಬಲ್ಲವರಿಗೆ ವಿಮಾನದ ಬಾಲವನ್ನು ವಿವರಿಸುವ ಅವಶ್ಯಕತೆಯಿಲ್ಲ. ಬಾಲದಲ್ಲಿ ಎರಡು ಭಾಗಗಳಿರುತ್ತವೆ. ಅಡ್ಡವಾಗಿ ಮಲಗಿದ ಚಿಕ್ಕ ರೆಕ್ಕೆಯು ಮೂಗು ಮೇಲಕ್ಕೂ ಕೆಳಕ್ಕೂ ತೂಗಾಡದಂತೆ ತಡೆಯುತ್ತದೆ. ನೆಟ್ಟಗೆ ನಿಂತ ಫಲಕವು ಮೂಗು ಎಡಕ್ಕೂ ಬಲಕ್ಕೂ ಹೊರಳದಂತೆ ಕಾಯುತ್ತದೆ. ಈ ತತ್ವವನ್ನು ಲೋಕಕ್ಕೆ ತೋರಿಸಿಕೊಟ್ಟುದೂ ಒಂದು ಮಾದರಿ ವಿಮಾನವೇ ಎಂಬುದು ಸ್ವಾರಸ್ಯದ ಸಂಗತಿ. 1871ರ ಆಗಸ್ಟಿನಲ್ಲಿ ಪ್ಯಾರಿಸಿನ ಟ್ಯುಲೆರಿ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೋ ಎಂಬ ತರುಣನು ರಬ್ಬರಿನ ಎಳೆಯನ್ನು ತಿರುಚಿ ಅದರ ಬಲದಿಂದ ಓಡುವ ಪುಟ್ಟ ವಿಮಾನವನ್ನು 11 ಸೆಕೆಂಡುಗಳ ಕಾಲ ಸ್ಥಿರವಾಗಿ ಹಾರಿಸಿದನು. ಅದಕ್ಕೆ ಸ್ಥಿರತೆ ಬಂದುದು ಹಿಂದಿನ ಬಾಲದಿಂದ. ರೈಟ್ ಸೋದರರ ಹಾರಾಟಕ್ಕೆ ಆಗ ಇನ್ನೂ 32 ವರ್ಷಗಳಿದ್ದವು.

ಬಾಲದ ವಿಷಯದಲ್ಲಿ ತೂಕದ ಲೆಕ್ಕವೂ ಒಂದಿದೆ. ಸಂತೆಯ ತಕ್ಕಡಿಯ ದಂಡಿಗೆಯನ್ನು ನೆನೆಯಬಹುದು. ವಿಮಾನವು ಸಮತೋಲದಲ್ಲಿ ನಿಲ್ಲುವ ಬಿಂದುವಿನಿಂದ ಬಾಲದ ಕೂಡಿಕೆ 30 ಸೆಂಟಿಮೀಟರ್ ಹಿಂದೆ, ಮೂಗು 10 ಸೆಂಟಿಮೀಟರ್ ಮುಂದೆ ಇದೆಯೆಂದುಕೊಳ್ಳೋಣ. ಗಟ್ಟಿಯಾಗಲೆಂದು ಬಾಲಕ್ಕೆ 2 ಗ್ರಾಂ ಅಂಟನ್ನು ಹೆಚ್ಚಾಗಿ ಸುರಿದರೆ, ಸರಿದೂಗಿಸಲು ಮೂಗಿನಲ್ಲಿ 6 ಗ್ರಾಂ ತೂಕ ಇಡಬೇಕಾಗುತ್ತದೆ. ಒಟ್ಟು ಹೊರೆ 8 ಗ್ರಾಂ! ಅಂಗೈಯಗಲದ ಮಾದರಿಗೆ ಇದು ಸಣ್ಣ ಹೊರೆಯಲ್ಲ. ಅಂಟು ಕಡಿಮೆಯಿರಬೇಕು, ಅಂದವಾಗಿರಬೇಕು ಎಂದು ಅನುಭವಿಗಳು ಹೇಳುವುದು ಬರಿಯ ಚೆಲುವಿಗಾಗಿ ಅಲ್ಲ.

ಬಲವಿರುವುದು ಹೊಂದಿಕೆಯಲ್ಲಿ

ಅಂಟು ಹೆಚ್ಚಾದಷ್ಟೂ ಕೂಡಿಕೆ ಬಲವಾಗುತ್ತದೆಂಬುದು ಮಕ್ಕಳಲ್ಲಿಯೂ ಹಿರಿಯರಲ್ಲಿಯೂ ಇರುವ ತಪ್ಪು ತಿಳಿವಳಿಕೆ. ಕಟ್ಟಿಗೆಯ ಎರಡು ಮುಖಗಳು ಒಂದಕ್ಕೊಂದು ಸಂದಿಲ್ಲದೆ ಕೂಡಿದಾಗ ನಡುವಿನ ತೆಳುಪದರವೇ ಬಲಿಷ್ಠವಾಗಿರುತ್ತದೆ. ಸಂದು ಬಿಟ್ಟು ಅದನ್ನು ಅಂಟಿನಿಂದ ತುಂಬಿದರೆ ಭಾರವಷ್ಟೇ ಲಾಭ. ಊರಿನ ಬಡಗಿ ಬಾಗಿಲ ಚೌಕಟ್ಟಿನ ಕೂಡಿಕೆಯನ್ನು ಮತ್ತೆ ಮತ್ತೆ ಹೆರೆದು ನೋಡುತ್ತಿದ್ದುದು ಇದೇ ಕಾರಣಕ್ಕಾಗಿ.

ಈ ಮಾತಿಗೆ ಇತಿಹಾಸದ ಸಾಕ್ಷ್ಯವಿದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಮಾಸ್ಕಿಟೊ ಎಂಬ ವಿಮಾನವು ಬಹುಪಾಲು ಕಟ್ಟಿಗೆಯದಾಗಿತ್ತು. ಬರ್ಚ್ ಮರದ ಪ್ಲೈವುಡ್ ಹಾಳೆಗಳ ನಡುವೆ ಬಾಲ್ಸಾ ಕಟ್ಟಿಗೆಯನ್ನಿಟ್ಟು ಅಂಟಿಸಿ ಅದರ ಒಡಲನ್ನು ರಚಿಸಲಾಗಿತ್ತು. ಇಂದು ಮಕ್ಕಳ ಮಾದರಿಗಳಲ್ಲಿ ಬಳಸುವ ಹಗುರ ಮರ ಇದೇ ಬಾಲ್ಸಾ. 1944ರಲ್ಲಿ ಭಾರತವೂ ಸೇರಿದಂತೆ ಪೂರ್ವ ದೇಶಗಳಲ್ಲಿ ಆ ಜಾತಿಯ ಹಲವು ವಿಮಾನಗಳು ಬಿದ್ದವು. ಬಿಸಿಲು, ಮಳೆಗಾಲದ ತೇವಗಳಿಂದ ಅಂಟು ಹಾಳಾಯಿತೆಂದು ಮೊದಮೊದಲು ಊಹಿಸಲಾಯಿತು. ಮುಂದೆ ನಡೆದ ತನಿಖೆಗಳಲ್ಲಿ, ನಮ್ಮ ದೇಶದ ಹವೆಯನ್ನು ಕಾಣದ ವಿಮಾನಗಳಲ್ಲಿಯೂ ಅಂಥದೇ ದೋಷಗಳು ಕಂಡುಬಂದವು. ಕಾರ್ಖಾನೆಯಲ್ಲಿ ಅಂಟಿಸಿದ ಕೆಲಸವೇ ಕಳಪೆಯಾಗಿತ್ತು. ಹೊರಗಿನಿಂದ ನುಣುಪಾಗಿ ಕಂಡ ವಿಮಾನ, ಒಳಗೆ ಸರಿಯಾಗಿ ಕೂಡದ ತುಂಡುಗಳು. ಬೆಲೆ ತೆತ್ತವರು ಅದನ್ನು ನಂಬಿ ಏರಿದವರು.

ಅಂಟಿಸುವ ಕ್ರಮ

ಮೊದಲನೆಯದಾಗಿ, ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಬೇಕು. ಬಾಲ ಕೂಡುವ ಜಾಗದಲ್ಲಿ ಎಲ್ಲಿ ಬಿಗಿಯಿದೆಯೋ ಅಲ್ಲಿ ಉಪ್ಪುಕಾಗದದಿಂದ ಸ್ವಲ್ಪಸ್ವಲ್ಪವೇ ಉಜ್ಜಬೇಕು. ಅನಂತರ ದಾರವೊಂದನ್ನು ಮೂಗಿನ ನಡುವೆ ಗುಂಡುಸೂಜಿಯಿಂದ ನಿಲ್ಲಿಸಿ, ಅಡ್ಡ ಬಾಲದ ಎಡತುದಿಗೂ ಬಲತುದಿಗೂ ಎಳೆದು ನೋಡಬೇಕು. ಎರಡೂ ಅಳತೆಗಳು ಸಮವಾಗಿದ್ದರೆ ಬಾಲ ಒಡಲಿಗೆ ಓರೆಯಾಗಿಲ್ಲವೆಂದು ತಿಳಿಯಬಹುದು. ಆಮೇಲೆ ಮಾರುದೂರ ನಿಂತು ಎದುರಿನಿಂದ ನೋಡಬೇಕು; ಮುಂದಿನ ರೆಕ್ಕೆಯೂ ಹಿಂದಿನ ಅಡ್ಡ ಬಾಲವೂ ಒಂದೇ ಮಟ್ಟದಲ್ಲಿ ಕಾಣಿಸಬೇಕು. ನಿಂತ ಫಲಕಕ್ಕೆ ಬಡಗಿಯ ಮೂಲೆಮಟ್ಟ ಅಥವಾ ಶಾಲೆಯ ಕಂಪಾಸು ಪೆಟ್ಟಿಗೆಯ ಮೂಲೆಪಟ್ಟಿ ಸಾಕು. ಸರಿಯಾದ ಸ್ಥಾನ ದೊರೆತ ಮೇಲೆ ಪೆನ್ಸಿಲಿನಿಂದ ಗುರುತು ಹಾಕಬೇಕು.

ಮಾದರಿಗೆ ಬಣ್ಣದ ಪ್ಲಾಸ್ಟಿಕ್ ಹೊದಿಕೆಯಿದ್ದರೆ, ಅಂಟು ತಾಗುವ ಜಾಗದಲ್ಲಿ ಅದನ್ನು ತೆಗೆಯಲೇಬೇಕು. ಅಂಟು ಹಿಡಿಯಬೇಕಾದುದು ಕಟ್ಟಿಗೆಯನ್ನು, ಹೊದಿಕೆಯನ್ನಲ್ಲ. ಪೆನ್ಸಿಲಿನ ಗೆರೆಗಿಂತ ತುಸು ಒಳಗೆ, ಬ್ಲೇಡಿನ ಭಾರವಷ್ಟೇ ಬೀಳುವಂತೆ ಕೊಯ್ಯಬೇಕು. ಕೈ ಒತ್ತಿದರೆ ಕೆಳಗಿನ ಬಾಲ್ಸಾಕ್ಕೂ ಗೀರು ಬೀಳುತ್ತದೆ. ಹೊರಗೆ ಕಾಣದ ಆ ಗೀರಿನಲ್ಲಿಯೇ ಬಾಲ ಒಂದು ದಿನ ಹಾರಾಟದ ನಡುವೆ ಮುರಿಯುತ್ತದೆ.

ಕೂಡಿಕೆಯ ಎರಡೂ ಬದಿಗೆ ಕಾಗದದ ಅಂಟುಪಟ್ಟಿಯನ್ನು ಹಚ್ಚಿ, ನಡುವೆ ಅಂಟಿಗೆ ಬೇಕಾದಷ್ಟೇ ಜಾಗ ಬಿಡುವುದು ಒಳ್ಳೆಯ ಉಪಾಯ. ಅಂಟನ್ನು ಕಡ್ಡಿಯ ತುದಿಯಿಂದ ತೆಳುವಾಗಿ ಸವರಿ, ಗುರುತಿಗೆ ಸರಿಯಾಗಿ ಕೂಡಿಸಿ, ಹೊರಬಂದ ಅಂಟನ್ನು ಒಡನೆಯೇ ಒರೆಸಬೇಕು. ಬಿಳಿಯ ಅಂಟಾದರೆ ಒದ್ದೆ ಬಟ್ಟೆ ಸಾಕು. ಎಪಾಕ್ಸಿಯಾದರೆ ಬಟ್ಟೆಗೆ ನಾಲ್ಕು ಹನಿ ಸ್ಪಿರಿಟ್ ಹಾಕಬೇಕು, ಆಗ ಹತ್ತಿರದಲ್ಲಿ ದೀಪವಾಗಲಿ ಒಲೆಯಾಗಲಿ ಉರಿಯುತ್ತಿರಬಾರದು. ಅಂಟು ಗಟ್ಟಿಯಾಗುವ ಮುನ್ನವೇ ಪಟ್ಟಿಯನ್ನು ಕಿತ್ತರೆ ಅಂಚು ಗೆರೆ ಎಳೆದಂತೆ ನಿಲ್ಲುತ್ತದೆ. ದಾರದ ಅಳತೆಯನ್ನು ಮತ್ತೊಮ್ಮೆ ನೋಡಿ, ಗುಂಡುಸೂಜಿಗಳಿಂದ ಆಧರಿಸಿ, ಮಾರನೆಯ ದಿನದವರೆಗೆ ಮುಟ್ಟದಿರಬೇಕು. ಮಗುವಿಗೆ ಅತಿ ಕಷ್ಟದ ಹಂತ ಇದೇ. ಇಂಥ ಹೊತ್ತಿನಲ್ಲಿ ಊಟಕ್ಕೆ ಕರೆಯುವ ತಾಯಿ ದೊಡ್ಡ ಉಪಕಾರ ಮಾಡಿದಂತೆ!

ಯಾವ ಅಂಟು ಲೇಸು?

ಹನ್ನೆರಡರೊಳಗಿನ ಮಕ್ಕಳಿಗೆ ಬಡಗಿಗಳು ಬಳಸುವ ಬಿಳಿಯ ಅಂಟೇ ಲೇಸು. ಅದರಲ್ಲಿ ಹೊಗೆಯಿಲ್ಲ, ಉರಿಯಿಲ್ಲ, ಕೈ ತೊಳೆದರೆ ಹೋಗುತ್ತದೆ. ನೀರು ಆರಿದ ಮೇಲೆಯೇ ಅದು ಹಿಡಿಯುವುದರಿಂದ ಪುಣೆಯ ಮಳೆಗಾಲದಲ್ಲಿ ತಡವಾಗುತ್ತದೆ. ಎರಡು ಕೊಳವೆಗಳ ಎಪಾಕ್ಸಿ ಅಂಟನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿಯೇ ಬೆರೆಸಬೇಕು. ಅದರಲ್ಲಿ ಐದು ನಿಮಿಷದ್ದಕ್ಕಿಂತ ನಿಧಾನವಾಗಿ ಗಟ್ಟಿಯಾಗುವುದು ಬಾಲಕ್ಕೆ ಉತ್ತಮ. ತಪ್ಪನ್ನು ತಿದ್ದಲು ಅದು ಸಮಯ ಕೊಡುತ್ತದೆ. ಮೂರನೆಯದು ಕ್ಷಣದಲ್ಲಿ ಹಿಡಿಯುವ ಸಯನೊಆಕ್ರಿಲೇಟ್. ಇದು ಗಾಳಿಯಲ್ಲಿಯೂ ವಸ್ತುವಿನ ಮೇಲೂ ಇರುವ ತೇವದಿಂದ ಗಟ್ಟಿಯಾಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಇನ್ನೂ ಬೇಗ. ಕಣ್ಣೂ ತುಟಿಯೂ ಸದಾ ತೇವವಾಗಿರುತ್ತವೆಂಬುದನ್ನು ಪಾಲಕರು ಇಲ್ಲಿ ಮರೆಯಬಾರದು.

ಆರೋಗ್ಯದ ಎಚ್ಚರ

ಕ್ಷಣದ ಅಂಟಿನಿಂದ ಬೆರಳುಗಳು ಕೂಡಿಕೊಂಡರೆ ಎಳೆದು ಬಿಡಿಸಬಾರದು, ಚರ್ಮ ಕಿತ್ತುಬರುತ್ತದೆ. ಬೆಚ್ಚಗಿನ ಸಾಬೂನು ನೀರಿನಲ್ಲಿ ನೆನೆಸಿ, ಚಮಚದ ಹಿಡಿಯಂಥ ಮೊಂಡಾದ ವಸ್ತುವಿನಿಂದ ಮೆಲ್ಲಗೆ ಬಿಡಿಸಬೇಕು. ಉಗುರಿನ ಬಣ್ಣ ತೆಗೆಯುವ ಅಸಿಟೋನ್ ಬೆರಳಿಗೆ ಆದೀತು, ಕಣ್ಣಿನ ಬಳಿಗೆ ಸರ್ವಥಾ ಕೂಡದು. ಕಣ್ಣಿಗೆ ಅಂಟು ಸಿಡಿದರೆ ಧಾರಾಳವಾಗಿ ನೀರಿನಿಂದ ತೊಳೆದು, ಒದ್ದೆಯಾದ ಶುದ್ಧ ಬಟ್ಟೆ ಮುಚ್ಚಿ, ತಡಮಾಡದೆ ನೇತ್ರವೈದ್ಯರಲ್ಲಿಗೆ ಒಯ್ಯಬೇಕು. ರೆಪ್ಪೆಗಳು ಅಂಟಿದ್ದರೆ ಮನೆಯಲ್ಲಿ ಬಿಡಿಸುವ ಸಾಹಸ ಬೇಡ. ಕೊಳವೆಯ ತುದಿ ಮುಚ್ಚಿಹೋದಾಗ ಅದನ್ನು ಮುಖದ ಹತ್ತಿರ ಹಿಡಿದು ಹಿಚುಕುವುದರಿಂದ ಅಂಟು ಕಣ್ಣಿಗೆ ಸಿಡಿಯಬಹುದು. ಅಗ್ಗದ ರಕ್ಷಣಾ ಕನ್ನಡಕವೊಂದು ಅದನ್ನು ತಡೆಯುತ್ತದೆ.

ಅನೇಕರಿಗೆ ತಿಳಿಯದ ಮತ್ತೊಂದು ಅಪಾಯವಿದೆ. ಈ ಅಂಟು ಹತ್ತಿಯ ಮೇಲೆ ಬಿದ್ದರೆ ಅತಿ ವೇಗವಾಗಿ ಗಟ್ಟಿಯಾಗುತ್ತ ಚರ್ಮ ಸುಡುವಷ್ಟು ಬಿಸಿಯಾಗಬಹುದು. ಚೆಲ್ಲಿದ ಅಂಟನ್ನು ಹತ್ತಿಯಿಂದ ಒರೆಸಬಾರದು. ಅಂಗಿಯ ಮೇಲೆ ಬಿದ್ದರೆ ಬಟ್ಟೆಯನ್ನು ಮೈಯಿಂದ ದೂರ ಹಿಡಿದು ತಣ್ಣೀರು ಸುರಿಯಬೇಕು. ಇದರ ಆವಿ ಕಣ್ಣು ಮೂಗುಗಳನ್ನು ಉರಿಸುತ್ತದೆ; ಉಬ್ಬಸವಿರುವ ಮಕ್ಕಳಿಂದ ಇದನ್ನು ದೂರವಿಡಬೇಕು, ಉಳಿದವರು ಕಿಟಕಿ ತೆರೆದು ಕೂಡಬೇಕು. ಎಪಾಕ್ಸಿಯಿಂದ ಕೆಲವರ ಚರ್ಮಕ್ಕೆ ಅಲರ್ಜಿಯಾಗುತ್ತದೆ, ಒಮ್ಮೆ ಅಂಟಿದ ಅಲರ್ಜಿ ಜೀವಮಾನವಿಡೀ ಉಳಿಯಬಹುದು. ತೆಳ್ಳಗಿನ ನೈಟ್ರೈಲ್ ಕೈಚೀಲ ಹಾಕಿಕೊಳ್ಳಬೇಕು. ಕೈಗೆ ತಾಗಿದ್ದನ್ನು ಥಿನ್ನರಿನಿಂದಲ್ಲ, ಸಾಬೂನಿನಿಂದ ತೊಳೆಯಬೇಕು. ಕಟ್ಟಿಗೆ ಉಜ್ಜುವಾಗ ಮೂಗಿಗೆ ಮುಸುಕು ಇರಲಿ. ಬ್ಲೇಡು ಹರಿತವಾಗಿರಲಿ, ಮೊಂಡಾದ ಬ್ಲೇಡಿಗೆ ಬಲ ಹಾಕಿದಾಗಲೇ ಬೆರಳು ಕೊಯ್ಯುವುದು. ಗಾಯವಾದರೆ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಬೇಕು. ಬೆರಳು ಮಡಚಲು ಬಾರದಿದ್ದರೆ ಅಥವಾ ಜೋಮು ಹಿಡಿದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಧನುರ್ವಾಯುವಿನ ಚುಚ್ಚುಮದ್ದಿನ ಅವಧಿಯನ್ನೂ ವಿಚಾರಿಸಬೇಕು.

ಇದೇ ಜಾತಿಯ ಅಂಟನ್ನು ಶಸ್ತ್ರವೈದ್ಯರು ಗಾಯ ಕೂಡಿಸಲು ಬಳಸುತ್ತಾರೆಂಬ ಮಾತು ನಿಜ. ಅಮೆರಿಕದಲ್ಲಿ 1998ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಆದರೆ ಅದು ಶುದ್ಧೀಕರಿಸಿದ, ಬೇರೆ ರಚನೆಯ ಔಷಧಿ. ಅಂಗಡಿಯ ಅಂಟನ್ನು ಗಾಯಕ್ಕೆ ಹಚ್ಚಬಾರದು.

ನಲವತ್ತು ದಾಟಿದ ತಂದೆಯಂದಿರಿಗೂ ಇಲ್ಲಿ ಒಂದು ಪರೀಕ್ಷೆಯಿದೆ. ಬಾಲದ ಸಣ್ಣ ಗೆರೆ ಕಾಣಲು ಮಾದರಿಯನ್ನು ತೋಳಿನುದ್ದಕ್ಕೆ ದೂರ ಹಿಡಿಯಬೇಕಾಗಿ ಬಂದರೆ, ದೋಷ ಗೆರೆಯಲ್ಲಿಲ್ಲ. ಚಾಳೀಸು ಕನ್ನಡಕದ ಕಾಲ ಬಂದಿದೆಯೆಂದು ತಿಳಿಯಬೇಕು.

ಹಾರಿಸುವ ಮುನ್ನ

ಅಂಟು ಪೂರ್ತಿ ಆರಿದ ಮೇಲೆ ಬಾಲವನ್ನು ಎರಡು ಬೆರಳುಗಳಿಂದ ಮೆಲ್ಲಗೆ ಅಲುಗಿಸಿ ನೋಡಬೇಕು. ಕಿರ್ರೆಂದರೆ ಅಂದು ಹಾರಾಟ ಬೇಡ. ಹೆದ್ದಾರಿಯಿಂದಲೂ ವಿದ್ಯುತ್ ತಂತಿಗಳಿಂದಲೂ ದೂರವಾದ ಬಯಲನ್ನು ಆರಿಸಿಕೊಂಡು, ಘಟ್ಟದ ಗಾಳಿ ಏಳುವ ಮೊದಲೇ, ಬೆಳಗಿನ ಶಾಂತ ಹೊತ್ತಿನಲ್ಲಿ ಹುಲ್ಲಿನ ಮೇಲೆ ಕೈಯಿಂದ ಮೆಲ್ಲಗೆ ತೇಲಿಬಿಡಬೇಕು. ಎಡಕ್ಕೋ ಬಲಕ್ಕೋ ಸದಾ ತಿರುಗುತ್ತಿದ್ದರೆ ಮೊದಲು ನಿಂತ ಫಲಕವನ್ನು ಪರೀಕ್ಷಿಸಬೇಕು.

ಹದಿನೆಂಟನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆಯವರ ಕಾಲದಲ್ಲಿ ಕಾತ್ರಜದ ಕೆರೆಯಿಂದ ನೆಲದೊಳಗಿನ ಕಲ್ಲುಗಾಲುವೆಯ ಮೂಲಕ ಪುಣೆಗೆ ನೀರು ಹರಿಯಿತು. ಯಾರ ಕಣ್ಣಿಗೂ ಬೀಳದ ಕೂಡಿಕೆಗಳನ್ನು ಆ ಕಾಲದ ಕೆಲಸಗಾರರು ಶ್ರದ್ಧೆಯಿಂದ ಮಾಡಿದ್ದರಿಂದಲೇ ಪೇಟೆಯ ಹೌದುಗಳು ತುಂಬಿದವು. ಕಾಣದ ಕಡೆಯಲ್ಲಿಯೂ ಕೆಲಸ ಚೊಕ್ಕವಾಗಿರಬೇಕೆಂಬ ಈ ಪಾಠವನ್ನು ಮಗುವು ಉಪದೇಶದಿಂದ ಕಲಿಯಲಾರದು. ತಂದೆತಾಯಿಗಳ ಪಕ್ಕದಲ್ಲಿ ಕುಳಿತು, ಕಣ್ಣು ಬೆರಳುಗಳನ್ನು ಕಾಪಾಡಿಕೊಂಡು, ಪುಟ್ಟ ಬಾಲವೊಂದನ್ನು ನೆಟ್ಟಗೆ ಅಂಟಿಸಿ, ಮರುದಿನದವರೆಗೆ ಕಾದು ಕುಳಿತಾಗ ಕಲಿತೀತು.