ಮಳೆ ಇದೆ, ಮಣ್ಣಿಲ್ಲ: ಚೀನಾದ ಕಲ್ಲು ಮರುಭೂಮಿ

ಮರುಭೂಮಿ ಅಂದ ತಕ್ಷಣ ನಮಗೆ ನೆನಪಾಗೋದು ರಾಜಸ್ಥಾನ: ಮರಳು, ಒಂಟೆ, ಮಳೆ ಕಾಣದ ಆಕಾಶ. ಇವತ್ತು ಹೇಳ್ತಿರೋದು ಬೇರೆ ಥರದ ಮರುಭೂಮಿ ಬಗ್ಗೆ. ಇಲ್ಲಿ ವರ್ಷಕ್ಕೆ 1000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತೆ. ಆದ್ರೂ ಎಷ್ಟೋ ಬೆಟ್ಟಗಳ ಮೇಲೆ ಕಾಣೋದು ಬರೀ ಬೂದು ಬಣ್ಣದ ಕಲ್ಲು.

ಇದು ನೈಋತ್ಯ ಚೀನಾದ ಗುಯಿಝೌ, ಯುನ್ನಾನ್, ಗುವಾಂಗ್ಸಿ ಸೀಮೆಯ ಕಥೆ. ಗುಯಿಝೌ ಬಗ್ಗೆ ಅಲ್ಲಿ ಒಂದು ಹಳೇ ಗಾದೆ ಇದೆ: ಮೂರು ದಿನ ಸತತ ಬಿಸಿಲಿಲ್ಲ, ಮೂರು ಅಡಿ ಸಮತಟ್ಟು ನೆಲವಿಲ್ಲ, ಜೇಬಲ್ಲಿ ಮೂರು ಕಾಸಿಲ್ಲ. ಅಷ್ಟು ಮಳೆ ಬೀಳೋ ಕಡೆ ಮರುಭೂಮಿ ಹೇಗಾಯ್ತು?

ಮೊದಲ ಕಾರಣ ಕಲ್ಲಿನಲ್ಲೇ ಇದೆ. ಪುಣೆ, ಸೋಲಾಪುರ, ವಿಜಯಪುರದ ಕಡೆ ನೆಲದಡಿ ಇರೋದು ಬಸಾಲ್ಟ್. ಅದು ಶಿಥಿಲವಾದರೆ ಬಹಳಷ್ಟು ಭಾಗ ಜೇಡಿಯಾಗಿ ಉಳಿಯುತ್ತೆ. ನಮ್ಮ ಎರೆಮಣ್ಣು ಹುಟ್ಟಿದ್ದು ಹಾಗೆ. ಆ ಚೀನೀ ಬೆಟ್ಟಗಳು ಸುಣ್ಣಕಲ್ಲಿನವು. ನಮ್ಮ ಅಡುಗೆಮನೆ ಕಟ್ಟೆಯ ಕಡಪ ಕಲ್ಲು, ನೆಲಕ್ಕೆ ಹಾಕೋ ಶಹಾಬಾದ್ ಕಲ್ಲು ಕೂಡ ಅದೇ ಜಾತಿ. ಕಟ್ಟೆ ಮೇಲೆ ನಿಂಬೆರಸ ಚೆಲ್ಲಿ ಹಾಗೇ ಬಿಟ್ರೆ ಹೊಳಪು ಹೋಗಿ ಕಲೆ ಉಳಿಯುತ್ತೆ, ನೋಡಿರ್ತೀರಿ. ಹುಳಿ ಸುಣ್ಣವನ್ನು ಕರಗಿಸುತ್ತೆ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ತುಸು ಹುಳಿಯಾಗುತ್ತೆ, ಕಲ್ಲನ್ನು ನಿಧಾನವಾಗಿ ಕರಗಿಸಿಕೊಂಡು ಹೋಗುತ್ತೆ. ಮಣ್ಣಾಗಿ ಉಳಿಯೋದು ಕರಗದ ಚೂರುಪಾರು ಮಾತ್ರ. ಹಾಗಾಗಿ ಒಂದೇ ಒಂದು ಸೆಂಟಿಮೀಟರ್ ಮಣ್ಣಾಗೋಕೆ ಸಾವಿರಾರು ವರ್ಷ ಬೇಕು.

ಎರಡನೇದು ನೀರು. ಕರಗಿದ ಕಲ್ಲಿನಲ್ಲಿ ಬಿರುಕು, ಗುಂಡಿ, ಗುಹೆಗಳು ಆಗಿರುತ್ತವೆ. ಮಳೆ ನಿಂತ ಸ್ವಲ್ಪ ಹೊತ್ತಿಗೆ ನೀರೆಲ್ಲ ನೆಲದಡಿಯ ಹೊಳೆ ಸೇರಿಬಿಡುತ್ತೆ. ಕೆಳಗೆ ನದಿ ಹರೀತಿದ್ರೂ ಮೇಲೆ ಬೆಳೆ ಒಣಗುತ್ತೆ. ಮಣ್ಣಿಗೂ ಇದೇ ಗತಿ: ನುಣುಪಾದ ಬಂಡೆ ಮೇಲೆ ಹಿಡಿತವಿಲ್ಲದೆ ಕೂತಿರೋದ್ರಿಂದ ಒಂದಷ್ಟು ಇಳಿಜಾರಲ್ಲಿ ಕೊಚ್ಚಿಹೋಗುತ್ತೆ, ಇನ್ನೊಂದಷ್ಟು ಬಿರುಕಿನೊಳಗೆ ಇಳಿದುಹೋಗುತ್ತೆ.

ಇಷ್ಟಿದ್ರೂ ಕಾಡು ಇದ್ದಾಗ ಬೇರುಗಳು ಮಣ್ಣನ್ನು ಹಿಡಿದಿದ್ದವು. ಮೂರನೇ ಕಾರಣ ಮನುಷ್ಯ. 1958ರ ಮಹಾ ಮುನ್ನೆಗೆತದ ಕಾಲದಲ್ಲಿ ಉಕ್ಕಿನ ಕುಲುಮೆಗಳಿಗೆ ಮರ ಕಡಿದರು. ಜನಸಂಖ್ಯೆ ಬೆಳೀತು, ಸೌದೆ ಬೇಕಾಯ್ತು, ಕಡಿದಾದ ಇಳಿಜಾರನ್ನೂ ಉತ್ತು ಮೆಕ್ಕೆಜೋಳ ಹಾಕಿದರು. ಎರಡು ಬಂಡೆ ನಡುವೆ ಬೋಗುಣಿಯಷ್ಟು ಮಣ್ಣಿದ್ರೂ ಅಲ್ಲಿ ನಾಲ್ಕು ಕಾಳು. ಉತ್ತಷ್ಟು ಮಣ್ಣು ಹೋಗುತ್ತೆ, ಮಣ್ಣು ಹೋದಷ್ಟು ಇಳುವರಿ ಇಳಿಯುತ್ತೆ, ಆಗ ಇನ್ನೂ ಮೇಲಕ್ಕೆ ಹತ್ತಿ ಉಳಬೇಕು. ಹಸಿದ ರೈತನನ್ನು ಬೈದು ಏನೂ ಪ್ರಯೋಜನ ಇಲ್ಲ. ಅವನಿಗೆ ಬೇರೆ ದಾರಿ ಇರಲಿಲ್ಲ.

ಪರಿಹಾರ ಶುರುವಾಗಿದ್ದೂ ಅಲ್ಲಿಂದಲೇ. 1999ರಿಂದ ಇಳಿಜಾರಿನ ಉಳುಮೆ ಬಿಟ್ಟು ಗಿಡ ನೆಟ್ಟವರಿಗೆ ಸರ್ಕಾರ ಧಾನ್ಯ, ಹಣ ಕೊಡ್ತು. 2008ರಲ್ಲಿ 100 ಕೌಂಟಿಗಳಲ್ಲಿ ಪ್ರಾಯೋಗಿಕ ಯೋಜನೆ ಆರಂಭವಾಯ್ತು: ಕಡಿಯದೆ, ಮೇಯಿಸದೆ ಬೆಟ್ಟಕ್ಕೆ ವಿಶ್ರಾಂತಿ, ಸೌದೆ ಬದಲು ಗೋಬರ್ ಗ್ಯಾಸ್, ಕಲ್ಲಿನ ಬದು, ಮಳೆನೀರಿಗೆ ಸಣ್ಣ ತೊಟ್ಟಿ. ಗುಯಿಝೌನ ಹುವಾಜಿಯಾಂಗ್ ಕಣಿವೆಯಲ್ಲಿ ಮೆಕ್ಕೆಜೋಳದ ಜಾಗದಲ್ಲಿ ಸಿಚುವಾನ್ ಪೆಪ್ಪರ್ ನೆಟ್ಟರು. ನಮ್ಮ ಮಲೆನಾಡಿನ ಜುಮ್ಮನಕಾಯಿ, ಅಂದ್ರೆ ಕೊಂಕಣಿ ಅಡುಗೆಯ ತಿರ್ಫಳ, ಇದರ ಸೋದರಸಂಬಂಧಿ. ಪ್ರತಿವರ್ಷ ಉಳೋ ಕೆಲಸ ಇಲ್ಲ, ಬೇರು ಬಿರುಕಿಗಿಳಿದು ನಿಲ್ಲುತ್ತೆ, ಕಾಯಿ ಮಾರಿದ್ರೆ ದುಡ್ಡು. ಜತೆಗೆ ಹಳ್ಳಿಯ ಯುವಕರು ಕರಾವಳಿ ನಗರಗಳ ಫ್ಯಾಕ್ಟರಿ ಸೇರಿದರು, ಬೆಟ್ಟದ ಮೇಲಿನ ಹೊರೆ ಇಳೀತು. ಕೆಲಸಕ್ಕೆ ಅಂತ ಊರು ಬಿಟ್ಟ ನಮಗೆ ಇದು ಪರಿಚಿತ ಕಥೆ ಅಲ್ವಾ?

ಫಲಿತಾಂಶ ಅಂಕಿಯಲ್ಲಿ ಕಾಣುತ್ತೆ. ಚೀನಾದ ಅಧಿಕೃತ ಸಮೀಕ್ಷೆ ಪ್ರಕಾರ 2005ರಲ್ಲಿ ಕಲ್ಲು ಮರುಭೂಮಿ ಸುಮಾರು 1.3 ಲಕ್ಷ ಚದರ ಕಿಲೋಮೀಟರ್, ಅಂದ್ರೆ ಕರ್ನಾಟಕದ ಮೂರರಲ್ಲಿ ಎರಡು ಪಾಲು. 2016ಕ್ಕೆ ಅದು ಸುಮಾರು 1 ಲಕ್ಷಕ್ಕೆ ಇಳೀತು.

ಇಲ್ಲೊಂದು ಎಚ್ಚರಿಕೆ. ನಾನು ಎಂಟೆಕ್‌ನಲ್ಲಿ ರಿಮೋಟ್ ಸೆನ್ಸಿಂಗ್ ಓದಿದವನು. ಈಗ ಕೋಡ್ ಬರೆಯೋದು ಕೆಲಸವಾದ್ರೂ ಉಪಗ್ರಹ ಚಿತ್ರ ನೋಡೋ ಚಟ ಬಿಟ್ಟಿಲ್ಲ. ಚಿತ್ರದಲ್ಲಿ ಹಸಿರು ಹೆಚ್ಚಾದ್ರೆ ಖುಷಿಯಾಗುತ್ತೆ. ಆದ್ರೆ ಉಪಗ್ರಹ ಅಳೆಯೋದು ಎಲೆಯ ಹಸಿರನ್ನ. ಅದರ ಕೆಳಗೆ ಎಷ್ಟು ಮಣ್ಣಿದೆ ಅನ್ನೋದು ಆ ಅಂಕಿಯಲ್ಲಿ ಬರಲ್ಲ. ಗುವಾಂಗ್ಸಿಯಲ್ಲಿ ವಿಶಾಲವಾದ ನೀಲಗಿರಿ ನೆಡುತೋಪುಗಳಿವೆ. ಮೇಲಿಂದ ಅವೂ ಹಸಿರೇ. ನೀಲಗಿರಿ ಜಗಳ ಕನ್ನಡಿಗರಿಗೆ ಹೊಸದಲ್ಲ. ತೆಳು ಮಣ್ಣಿನ ಕಡೆ ಬೇಗ ಬೆಳೆಯೋ, ಹೆಚ್ಚು ನೀರು ಕುಡಿಯೋ ಮರಕ್ಕಿಂತ ಅಲ್ಲಿನದೇ ಹುಲ್ಲು, ಪೊದೆ ಎಷ್ಟೋ ವಾಸಿ.

ಹಸಿರು ಹತ್ತಿಪ್ಪತ್ತು ವರ್ಷದಲ್ಲಿ ವಾಪಸ್ ಬರಬಹುದು. ಹೋದ ಮಣ್ಣು ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಬರಲ್ಲ. ಅದಕ್ಕೇ ಅಲ್ಲಿ ಬಿರುಕಿನಲ್ಲಿ ಉಳಿದಿರೋ ಒಂದೊಂದು ಹಿಡಿ ಮಣ್ಣಿಗೂ ಬೆಲೆ. ಮುಂದಿನ ವಾರ ಇನ್ನೊಂದು ವಿಷಯದ ಜತೆ ಸಿಗೋಣ.