ಪೆರುವಿನ ಹಳೆಯ ಮಡಕೆಗಳ ಮೇಲಿರುವುದು ಏಲಿಯನ್‌ಗಳೇ?

ಹಕ್ಕಿಯ ಮುಖ, ಮನುಷ್ಯನ ಮೈ, ತಲೆಯ ಮೇಲೆ ಅರ್ಧಚಂದ್ರ. ಪೆರು ದೇಶದ ಮಡಕೆಯ ಇಂಥ ಫೋಟೋ ‘ಅನ್ಯಗ್ರಹದಿಂದ ಬಂದವರು’ ಎಂಬ ಸಾಲಿನೊಂದಿಗೆ ನಿಮ್ಮ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ.

ಮಾಡಿದವರು ಯಾರು?

ಪೆರುವಿನ ಉತ್ತರ ಕರಾವಳಿಯಲ್ಲಿ ಸುಮಾರು ಕ್ರಿ.ಶ. 100ರಿಂದ 800ರವರೆಗೆ ಬಾಳಿದ ಮೋಚೆ ಜನ. ಅವರಿಗೆ ಲಿಪಿ ಇರಲಿಲ್ಲ. ನಮ್ಮ ಕುಂಬಾರರ ತಿಗರಿಯಂಥದ್ದೂ ಇರಲಿಲ್ಲ. ಅಚ್ಚಿನಲ್ಲಿ ಒತ್ತಿ ಪಾತ್ರೆ ಮಾಡಿ, ಕೆನೆ ಬಣ್ಣದ ಮೈಮೇಲೆ ಕೆಂಪು-ಕಂದು ಜೇಡಿ ನೀರಿನಿಂದ ಸಣ್ಣ ಗೆರೆಗಳಲ್ಲಿ ಚಿತ್ರ ಬರೆಯುತ್ತಿದ್ದರು.

ಚಿತ್ರದಲ್ಲಿ ಏನಿದೆ?

ಹಲವು ಮಡಕೆಗಳಲ್ಲಿ ಒಂದೇ ದೃಶ್ಯ ಮತ್ತೆ ಮತ್ತೆ ಬರುತ್ತದೆ. ಸೆರೆಯಾಳುಗಳ ಕತ್ತು ಕೊಯ್ದು, ರಕ್ತವನ್ನು ಬಟ್ಟಲಲ್ಲಿ ಹಿಡಿದು ಒಬ್ಬ ಮುಖ್ಯ ವ್ಯಕ್ತಿಗೆ ಕೊಡುತ್ತಾರೆ. ಜೊತೆಗೆ ಹಕ್ಕಿ ರೂಪದ ಒಬ್ಬ, ಗರಿಯ ಕಿರೀಟದ ಒಬ್ಬ ಮಹಿಳೆ. ಅಮೆರಿಕದ ಸಂಶೋಧಕ ಕ್ರಿಸ್ಟೋಫರ್ ಡೊನನ್ 1970ರ ದಶಕದಲ್ಲಿ ಈ ದೃಶ್ಯವನ್ನು ಗುರುತಿಸಿದರು. ಇದು ಬರೀ ಪುರಾಣವೋ, ನಿಜವಾಗಿ ನಡೆದದ್ದೋ ಎಂಬುದು ಆಗ ಗೊತ್ತಿರಲಿಲ್ಲ.

ಉತ್ತರ ಸಿಕ್ಕಿದ್ದು ಹೇಗೆ?

1987ರಲ್ಲಿ ಸಿಪಾನ್ ಎಂಬಲ್ಲಿ ಕಳ್ಳರು ಒಂದು ಸಮಾಧಿಗೆ ಕನ್ನ ಹಾಕಿದರು. ವಿಷಯ ತಿಳಿದು ಪುರಾತತ್ವಜ್ಞ ವಾಲ್ಟರ್ ಆಲ್ವಾ ಅಲ್ಲೇ ಉತ್ಖನನ ಶುರು ಮಾಡಿದಾಗ, ಕಳ್ಳರ ಕೈಗೆ ಸಿಗದ ಇನ್ನೊಂದು ಸಮಾಧಿ ಸಿಕ್ಕಿತು. ಅದರಲ್ಲಿದ್ದ ವ್ಯಕ್ತಿಯ ಅರ್ಧಚಂದ್ರದ ಕಿರೀಟ, ಮೂಗಿನ ಆಭರಣ ಎಲ್ಲವೂ ಚಿತ್ರದ ಮುಖ್ಯ ವ್ಯಕ್ತಿಯದೇ! ಪಕ್ಕದ ಸಮಾಧಿಯಲ್ಲಿ ಗೂಬೆಯ ಕಿರೀಟ ಮತ್ತು ಬಟ್ಟಲು ಸಿಕ್ಕವು. 1991ರಲ್ಲಿ ಸಾನ್ ಹೋಸೆ ದೆ ಮೋರೊದಲ್ಲಿ ಆ ಮಹಿಳೆಯ ವೇಷದಲ್ಲೇ ಹೂಳಲಾಗಿದ್ದ ಪೂಜಾರಿಣಿಯ ಸಮಾಧಿ ಸಿಕ್ಕಿತು. ಹುವಾಕಾ ದೆ ಲಾ ಲೂನಾ ಎಂಬ ದೇಗುಲದ ಬಳಿ ಸಿಕ್ಕ ಹತ್ತಾರು ಗಂಡಸರ ಎಲುಬುಗಳಲ್ಲಿ, ಕತ್ತಿನ ಭಾಗದಲ್ಲಿ, ಕೊಯ್ದ ಗುರುತುಗಳಿದ್ದವು.

ಅಂದರೆ ಚಿತ್ರದ ವೇಷಗಳನ್ನು ನಿಜವಾದ ಮನುಷ್ಯರೇ ತೊಟ್ಟಿದ್ದರು. ಹಾಗೆಂದು ಚಿತ್ರದಲ್ಲಿರುವುದೆಲ್ಲ ಕಣ್ಣಾರೆ ಕಂಡದ್ದೂ ಅಲ್ಲ; ಕೈಕಾಲು ಮೂಡಿ ನಡೆಯುವ ಆಯುಧಗಳೂ ಅವುಗಳಲ್ಲಿವೆ. ದೇವರು, ಕಥೆ, ಆಚರಣೆ ಮೂರೂ ಅಲ್ಲಿ ಬೆರೆತಿವೆ.

ಇದರಿಂದ ನಮಗೇನು?

ಮಡಕೆಯ ಅರ್ಥ ತಿಳಿದದ್ದು ಅದರ ಜೋಡಿ ವಸ್ತುಗಳು ಮಣ್ಣಿನಲ್ಲಿ ಇದ್ದ ಜಾಗದಲ್ಲೇ ಉಳಿದಿದ್ದರಿಂದ. ಕಳ್ಳರು ಅಗೆದು ಮಾರಿದ ಮಡಕೆಗೆ ಆ ಸಾಕ್ಷಿ ಇರುವುದಿಲ್ಲ. ಎಲ್ಲಿಯದು, ಯಾವಾಗಿನದು ಎಂದು ಹೇಳದೆ ಬರುವ ಫೋಟೋದ ಕಥೆಯೂ ಅಷ್ಟೇ. ‘ಏಲಿಯನ್’ ಎಂದುಬಿಟ್ಟರೆ, ಅದನ್ನು ಮಾಡಿದ ಜನರ ಕೈಕಸುಬನ್ನೇ ಅವರಿಂದ ಕಿತ್ತುಕೊಂಡಂತೆ. ಆದ್ದರಿಂದ ಫಾರ್ವರ್ಡ್ ಮಾಡುವ ಮೊದಲು ಕೇಳಿ: ಇದು ಸಿಕ್ಕಿದ್ದು ಎಲ್ಲಿ?